ಒಂದು ತಾಸಿನ ಹಾಡಿನ ಆಟ

ರಾತ್ರಿಯಿಡೀ ನಡೆಯುವ ಪಾರಿಜಾತಾನ ದೊಡ್ಡ ಆಟ, ಅದರೊಳಗಿನ ಗೊಲ್ಲತಿ ಪ್ರಸಂಗ ಅಂದ್ರ ಬರೇ ಹುಡುಗಾಟಕಿ ಅಂತ ನಮ್ಮ ಕಡೆ ಬಾಳ ಮಂದಿ ತಿಳಕೊಂಡಾರ. ಇತಿಹಾಸ ನೋಡಿದರ ಸಣ್ಣ ಆಟದ ಕಾಲು ಬಾಳ ದೂರ ನಡೆದಾವು.

ಫ್ರಾನ್ಸ್ ದೇಶದ ಮೋಲಿಯೇರ ಎಂಬಾತ 1660ರಲ್ಲಿ ಒಂದೇ ಅಂಕದ ನಗೆನಾಟಕ ಬರೆದ. ಒಂದು ತಸಬೀರು ಸಿಕ್ಕದ್ದಕ್ಕ ಗಂಡನಿಗೆ ಹೆಂಡತಿ ಮ್ಯಾಲ, ಹೆಂಡತಿಗೆ ಗಂಡನ ಮ್ಯಾಲ ಸಂಶಯ. ಅಷ್ಟ ಕಥಿ. ಅದು ಇಂಗ್ಲಿಷಿಗೆ ಹೋಗಿ ಹಿಗ್ಗಿತು. ಅಲ್ಲಿಂದ ಕೃಷ್ಣಾ-ವಾರಣಾ ಕೂಡುವ ಹರಿಪುರದ ಗೋವಿಂದ ಬಲ್ಲಾಳ ದೇವಲರ ಕೈಗೆ ಬಂತು. ಮೊದಲು ಮಾತಿನ ನಾಟಕ ಮಾಡಿದರು. 1916ರಲ್ಲಿ ಹಾಡು ಕೂಡಿ 'ಸಂಗೀತ ಸಂಶಯಕಲ್ಲೋಳ' ಆತು. ದೇವಲರು ತೀರಿಕೊಂಡದ್ದೂ ಅದೇ ವರ್ಷ.

ಮರಾಠಿ ನಾಟಕ ಸಾಂಗಲಿಯೊಳಗ ಹುಟ್ಟಿತು ಅನ್ನೋದು ಖರೇ. ಆದರ ಅದಕ್ಕ ಮೊದಲ ತಾಳ ಹಾಕಿದವರು ಕನ್ನಡದವರು. ಉತ್ತರ ಕನ್ನಡದ ಕರ್ಕಿ ಭಾಗವತರ ಮೇಳ ಸಾಂಗಲಿಗೆ ಬಂದು ಆಡಿದ್ದನ್ನ ನೋಡಿ, ಚಿಂತಾಮಣರಾವ ಪಟವರ್ಧನ ಮಹಾರಾಜರು ಇಂಥಾದ್ದು ಮರಾಠಿಯೊಳಗ ಆಗಲಿ ಅಂತ ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರಲ್ಲಿ 'ಸೀತಾ ಸ್ವಯಂವರ' ಆಡಿದರು. ಹಾಡೆಲ್ಲಾ ಸೂತ್ರಧಾರಂದು, ಮಾತು ವೇಷದವರು ನಿಂತಲ್ಲೇ ಹೊಂದಿಸತಿದ್ರು.

ನಮ್ಮ ಗೊಲ್ಲತಿ, ರಾಧಾನಾಟಗಳ ಕಟ್ಟೂ ಇಂಥಾದ್ದ. ಮೊಸರಿನ ಗಡಿಗಿ ಹೊತ್ತಾಕಿನ್ನ ಕೃಷ್ಣ ತಡೀತಾನ, ಜಗಳ ಹತ್ತತೈತಿ. ಮರಾಠಿ ತಮಾಶಾದ ಗವಳಣಿಯೊಳಗೂ ಇದ ಜಗಳ; ಪೆಂದ್ಯಾ, ಮಾವಶಿ ಹೆಚ್ಚಿಗಿ ಅಷ್ಟ. ಯಾರು ಯಾರಿಂದ ಕಲಿತರು ಅಂತ ವಾದ ಮಾಡೋರು ಮಾಡಲಿ, ಗಡಿಯಾಗ ಮೊಸರು ಎರಡೂ ಕಡೆ ಮಾರತೈತಿ. ಮೂರು ವೇಷ, ಪೇಟಿ, ತಬಲಾ, ತಾಳ, ಹಿಂದ ಸೊಲ್ಲು ಹಿಡಿಯಾಕ ಇಬ್ಬರು ಇದ್ದರ ಆಟ ನಿಲ್ಲತೈತಿ.

ಅಪರಾಳ ತಮ್ಮಣ್ಣ ಬರೆದ, ಕುಲಗೋಡ ತಮ್ಮಣ್ಣ ಬೆಳೆಸಿದ ಇಡೀ ಪಾರಿಜಾತ ಕಲಿಯಾಕ ಈಗಿನ ಹುಡುಗರಿಗೆ ಪುರಸೊತ್ತಿಲ್ಲ. ಮ್ಹೈಸಾಳದಾಗ ಕನ್ನಡ ಓದಾಕ ಬರದ ಹುಡುಗರೂ ಅದಾರ. ಅವರು ಗೊಲ್ಲತಿ ಹಾಡು ಕಿವಿಲೇ ಹಿಡೀತಾರ. 'ಆಡಿದರ ಪೂರಾ ಆಡಬೇಕು, ಇಲ್ಲಾಂದ್ರ ಬ್ಯಾಡ' ಅನ್ನೋ ಹಿರೇರ ಮಾತು ನನಗ ಒಪ್ಪಿಗಿಲ್ಲ. ಹಂಗ ಕುಂತರ ಎರಡೂ ಹೋಗತಾವು.

ಶಾಲಿ ಗುರುಗಳು ಗ್ಯಾದರಿಂಗಿಗೆ ಇದನ್ನ ಆಡಸೋದಾದರ ಒಂದು ಮಾತು. ಹೊತ್ತು ಸಾಲದಿದ್ದರ ಮಾತು ಕಡಿಮಿ ಮಾಡ್ರಿ, ಹಾಡು ಕತ್ತರಿಸಬ್ಯಾಡ್ರಿ. ಮಾತು ಹುಡುಗರು ಕಬ್ಬಿನ ದರ, ಕರೆಂಟು ಹೋಗೋದು ಏನರೆ ಕೂಡಿಸಿ ತಾವಾ ಹುಟ್ಟಸ್ತಾರ. ಹಾಡು ಹಂಗ ಹುಟ್ಟೂದಿಲ್ಲ, ಬಲ್ಲವರ ಬಾಯಿಂದನ ಬರಬೇಕು. ಅಂಥಾ ಬಾಯಿ ಊರಾಗ ಇನ್ನ ನಾಕೈದು ಅದಾವು.