ಅರ್ಜಿಯ ಹೊತ್ತು: ಹೊಸೂರು ಸೀಮೆಯ ಕಾನೂನು ವಿದ್ಯಾರ್ಥಿಗಳೂ ದೊಡ್ಡ ಲಾ ಫರ್ಮ್‌ಗಳೂ

ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಾಜಿಯವರು ಹೊಸೂರಿನ ಶಾಲೆಯಲ್ಲಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಕಲಿತು, ಮದ್ರಾಸಿನಲ್ಲಿ ಕಾನೂನು ಓದಿ, 1900ರಲ್ಲಿ ಸೇಲಂನಲ್ಲಿ ವಕೀಲಿ ಶುರುಮಾಡಿದರು. ಕನ್ನಡ, ತೆಲುಗು, ತಮಿಳು ಮೂರೂ ಮನೆಮಾತಾಗಿರುವ ಈ ಗಡಿಸೀಮೆಯ ಮಕ್ಕಳಿಗೆ ಇಂದಿಗೂ ಅವೇ ಎರಡು ದಾರಿಗಳಿವೆ. ಒಂದು ಬೆಂಗಳೂರಿನತ್ತ, ಇನ್ನೊಂದು ಸೇಲಂ, ಚೆನ್ನೈ ಕಡೆಗೆ. ಆದರೆ ದೊಡ್ಡ ಲಾ ಫರ್ಮ್ ಸೇರಬೇಕೆನ್ನುವವರಿಗೆ ಹೊತ್ತಿನ ಲೆಕ್ಕ ಪೂರ್ತಿ ಬದಲಾಗಿದೆ. ಪದವಿ ಕೈಗೆ ಬಂದ ಮೇಲೆ ಅರ್ಜಿ ಹಾಕಿದರಾಯಿತು ಎಂದು ಕಾದವರಿಗೆ ಅಲ್ಲಿ ಜಾಗ ಉಳಿದಿರುವುದು ಅಪರೂಪ. ನಮ್ಮ ವಿದ್ಯಾರ್ಥಿಗಳು ಹಿಂದೆ ಬೀಳಲು ಈ ತಡವೇ ದೊಡ್ಡ ಕಾರಣವೆಂಬುದು ನನ್ನ ವಾದ.

ನೇಮಕಾತಿ ಇಷ್ಟು ಬೇಗ ನಡೆಯುವುದರ ಬೇರು ಕಾನೂನಿನಲ್ಲೇ ಇದೆ. 1961ರ ವಕೀಲರ ಕಾಯ್ದೆಯ 24ನೇ ಕಲಮಿನಲ್ಲಿ, ಸನ್ನದು ಪಡೆಯುವ ಮೊದಲು ತರಬೇತಿ ಮುಗಿಸಿ ಪರೀಕ್ಷೆ ಪಾಸಾಗಬೇಕೆಂಬ ಷರತ್ತಿತ್ತು. 1973ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಭಾರತೀಯ ವಕೀಲರ ಪರಿಷತ್ತು 1995ರಲ್ಲಿ ನಿಯಮ ರೂಪಿಸಿ ಒಂದು ವರ್ಷದ ತರಬೇತಿಯನ್ನು ಮರಳಿ ತರಲು ಯತ್ನಿಸಿತು, ವಿ. ಸುಧೀರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1999ರಲ್ಲಿ ಆ ನಿಯಮಗಳನ್ನು ರದ್ದುಮಾಡಿತು. ಹೀಗೆ ಖಾಲಿಬಿದ್ದ ಜಾಗವನ್ನು ಇಂಟರ್ನ್‌ಶಿಪ್ ತುಂಬಿಕೊಂಡಿದೆ. ಇಂಟರ್ನ್ ಆಗಿ ಬಂದವರ ಕೆಲಸ ನೋಡಿ, ಮೆಚ್ಚಿದರೆ ಪದವಿಗೆ ಮುಂಚೆಯೇ ಕೆಲಸ ಕೊಡುವುದು ಫರ್ಮ್‌ಗಳ ರೂಢಿ. ರಾಷ್ಟ್ರೀಯ ಕಾನೂನು ಶಾಲೆಗಳಲ್ಲಿ ನೇಮಕಾತಿಯ ಮಾತುಕತೆ ನಾಲ್ಕನೇ ವರ್ಷದಲ್ಲೇ, ಕೆಲವೆಡೆ ಅದಕ್ಕೂ ಮೊದಲೇ ನಡೆದುಹೋಗುತ್ತದೆ.

ಇಂಗ್ಲೆಂಡಿನಲ್ಲೂ ದೊಡ್ಡ ಫರ್ಮ್‌ಗಳು ಟ್ರೇನಿ ಸಾಲಿಸಿಟರ್‌ಗಳನ್ನು ಸುಮಾರು ಎರಡು ವರ್ಷ ಮುಂಚಿತವಾಗಿ ಆರಿಸಿಕೊಳ್ಳುತ್ತವೆ. ಅಲ್ಲಿ ಅರ್ಜಿಯ ಕೊನೆಯ ದಿನಾಂಕ ಪ್ರಕಟವಾಗಿರುತ್ತದೆ, ಯಾರು ಬೇಕಾದರೂ ನೋಡಬಹುದು. ನಮ್ಮಲ್ಲಿ ಈ ತಿಳಿವಳಿಕೆ ಬಹುಪಾಲು ಹಿರಿಯ ವಿದ್ಯಾರ್ಥಿಯಿಂದ ಕಿರಿಯರಿಗೆ ಬಾಯಿಮಾತಿನಲ್ಲಿ ಸಾಗುತ್ತದೆ. ಧರ್ಮಪುರಿಯ ಸರಕಾರಿ ಕಾನೂನು ಕಾಲೇಜು 2017ರದ್ದು, ಸೇಲಂನದ್ದು 2019ರದ್ದು. ದೊಡ್ಡ ಫರ್ಮ್ ಸೇರಿದ ಹಿರಿಯರ ಸಾಲು ಇನ್ನೂ ಬೆಳೆಯಬೇಕಾದ ಕಾಲೇಜುಗಳಿವು. ಕೇಳೋಣವೆಂದರೆ ಕೇಳುವುದಾದರೂ ಯಾರನ್ನು?

ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮ ಇಲ್ಲಿ ನೆರವಿಗೆ ಬರುತ್ತದೆ. ಐದು ವರ್ಷದ ಕೋರ್ಸಿಗೆ ಕನಿಷ್ಠ 20 ವಾರ, ಮೂರು ವರ್ಷದ್ದಕ್ಕೆ 12 ವಾರ ಇಂಟರ್ನ್‌ಶಿಪ್ ಆಗಬೇಕು. ಯಾವ ವರ್ಷವೂ ಒಂದೇ ಸಮ ನಾಲ್ಕು ವಾರ ಮೀರುವಂತಿಲ್ಲ. ವರ್ಷಕ್ಕೊಂದೇ ಸಲ ಹೋಗುವವರಿಗೆ ಲೆಕ್ಕ ಕರಾರುವಾಕ್ಕಾಗಿ ಸರಿಹೋಗುತ್ತದೆ, ಒಂದು ವರ್ಷ ತಪ್ಪಿದರೂ ಕೊರತೆ ಬೀಳುತ್ತದೆ.

ದೇಂಕಣಿಕೋಟೆಯ ಹುಡುಗಿಯೊಬ್ಬಳು ಧರ್ಮಪುರಿಯಲ್ಲಿ ಐದು ವರ್ಷದ ಕೋರ್ಸು ಸೇರಿದಳೆಂದು ಇಟ್ಟುಕೊಳ್ಳೋಣ. ನಾಲ್ಕನೇ ವರ್ಷದಲ್ಲಿ ಕೆಲಸದ ಮಾತು ಬರಬೇಕಾದರೆ ಮೂರನೇ ವರ್ಷದ ಮೇ ತಿಂಗಳಲ್ಲಿ ಅವಳು ಫರ್ಮ್‌ನಲ್ಲಿ ಕೂತಿರಬೇಕು. ದೇಶದ ವಿದ್ಯಾರ್ಥಿಗಳೆಲ್ಲ ಕೇಳುವುದು ಆ ಬೇಸಿಗೆ ರಜೆಯನ್ನೇ. ಆದ್ದರಿಂದ ಹಿಂದಿನ ದಸರಾ, ದೀಪಾವಳಿಯ ಹೊತ್ತಿಗೇ ಅರ್ಜಿ ಹೋಗಿರಬೇಕು. ಆ ಅರ್ಜಿಯಲ್ಲಿ ತೋರಿಸಲು ಮೊದಲೆರಡು ವರ್ಷದ ಕೆಲಸವೂ ಬೇಕು. ಹೊಸೂರಿನ ವಕೀಲರೊಬ್ಬರ ಬಳಿ ಕೂರಬಹುದು, ಆದರೆ ಮೇ ತಿಂಗಳಲ್ಲಿ ಬೇಡ. ಆಗ ಸಿವಿಲ್ ಕೋರ್ಟುಗಳಿಗೆ ರಜೆ. ಕೇಸಿನ ಕಟ್ಟು ತಿರುವಿಹಾಕಬಹುದೇ ಹೊರತು ಪಾಟೀಸವಾಲು ಕೇಳಲು ಸಿಗುವುದಿಲ್ಲ. ಜೂನ್‌ನಲ್ಲಿ ಕೋರ್ಟು ತೆರೆದ ಮೇಲೆ ಹೋಗುವುದು ಲೇಸು.

ಪರೀಕ್ಷೆಯ ವೇಳಾಪಟ್ಟಿ ಬರಲಿ ಎಂದು ಅರ್ಜಿಯನ್ನು ತಡೆಹಿಡಿಯುವುದು ದೊಡ್ಡ ತಪ್ಪು. ಅರ್ಜಿಯ ಮೊದಲ ಸಾಲಿನಲ್ಲೇ ಓದುತ್ತಿರುವ ವರ್ಷ, ಬಿಡುವಿರುವ ತಾರೀಖು, ಬೆಂಗಳೂರೋ ಚೆನ್ನೈಯೋ ಎಂಬುದು ಇರಲಿ. ತಾರೀಖು ಖಚಿತವಿಲ್ಲದಿದ್ದರೆ ಎರಡು ಅವಧಿ ಬರೆದರಾಯಿತು.

ನಮ್ಮವರಲ್ಲಿ ಇರುವ ಬಲವನ್ನು ಅವರೇ ಅರ್ಜಿಯಲ್ಲಿ ಬರೆಯದೆ ಬಿಡುತ್ತಾರೆ ಎನ್ನುವುದು ನನ್ನನ್ನು ಕಾಡುವ ಸಂಗತಿ. ಬೆಂಗಳೂರು ಹೊಸೂರಿನಿಂದ ಸುಮಾರು 40 ಕಿಲೋಮೀಟರ್. ಯಾರೋ ಕೊನೆ ಗಳಿಗೆಯಲ್ಲಿ ಬರಲಾರೆನೆಂದು ಖಾಲಿಯಾದ ಜಾಗಕ್ಕೆ ಗಡಿಯ ಅತ್ತಿಬೆಲೆ ದಾಟುವ ಬಸ್ಸು ಹತ್ತಿ ಸೋಮವಾರವೇ ಹಾಜರಾಗಬಲ್ಲವರು ಇವರು. ಇನ್ನು ಭಾಷೆ. ಜಮೀನಿನ ಹಕ್ಕುಪತ್ರ ಪರಿಶೀಲಿಸುವ ತಂಡದ ಮುಂದೆ ಅತ್ತಿಬೆಲೆಯ ಈಚೆಗೆ ಪಟ್ಟಾ, ಚಿಟ್ಟಾ, ವಿಲ್ಲಂಗ ಸರ್ಟಿಫಿಕೇಟು, ಆಚೆಗೆ ಪಹಣಿ, ಮ್ಯುಟೇಶನ್, ಋಣಭಾರ ಪತ್ರ. ಎರಡೂ ಕಡೆಯ ಕಾಗದವನ್ನು ಮೂಲದಲ್ಲೇ ಓದಬಲ್ಲ ವಿದ್ಯಾರ್ಥಿ ಎಷ್ಟು ಮಂದಿ ಇದ್ದಾರು? ಇದನ್ನು ಅರ್ಜಿಯ ಎರಡನೇ ಸಾಲಿನಲ್ಲೇ ಬರೆಯಬೇಕು.

ಸನ್ನದಿನ ವಿಷಯದಲ್ಲಿ ಅಂಜಿಕೆ ಬೇಡ. ತಮಿಳುನಾಡಿನ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದವರು ವಕೀಲರ ಕಾಯ್ದೆಯ 18ನೇ ಕಲಮಿನ ಪ್ರಕಾರ ಕರ್ನಾಟಕದ ಪಟ್ಟಿಗೆ ವರ್ಗ ಮಾಡಿಸಿಕೊಳ್ಳಬಹುದು. ನೋಂದಣಿ ಶುಲ್ಕವಾಗಿ ಸಾಮಾನ್ಯ ವರ್ಗದವರಿಂದ 750 ರೂಪಾಯಿ, ಪರಿಶಿಷ್ಟರಿಂದ 125 ರೂಪಾಯಿಗಿಂತ ಹೆಚ್ಚು ಪಡೆಯಕೂಡದೆಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಹೇಳಿದೆ.

ಧರ್ಮಪುರಿ, ಸೇಲಂ ಕಾಲೇಜುಗಳಲ್ಲೂ ಹೊಸೂರು, ಕೃಷ್ಣಗಿರಿಯ ವಕೀಲರ ಸಂಘಗಳಲ್ಲೂ ನನ್ನದೊಂದು ಕೋರಿಕೆ: ಯಾವ ವರ್ಷ ಯಾವ ತಿಂಗಳು ಎಲ್ಲಿಗೆ ಅರ್ಜಿ ಹಾಕಬೇಕೆಂಬ ಒಂದು ಹಾಳೆಯ ಪಟ್ಟಿಯನ್ನು ಕನ್ನಡ, ತಮಿಳು, ತೆಲುಗಿನಲ್ಲಿ ಬರೆದು ಎರಡನೇ ವರ್ಷದ ತರಗತಿಯ ಬಾಗಿಲಿಗೆ ಅಂಟಿಸಿ.