ಕಂಡ ಹಕ್ಕಿ, ಕಾಣದ ಖಡ್ಗಮೃಗ

600 ಸೈನಿಕರನ್ನು ಕೊಟ್ಟು 151 ಪಿಂಗಾಣಿ ಪಾತ್ರೆಗಳನ್ನು ತಂದ ದೊರೆಯೊಬ್ಬನಿದ್ದ ಅಂದರೆ ನಂಬುತ್ತೀರಾ? ಜರ್ಮನಿಯ ಸ್ಯಾಕ್ಸನಿಯನ್ನು ಆಳುತ್ತಿದ್ದ ಆಗಸ್ಟಸ್ 1717ರಲ್ಲಿ ಮಾಡಿದ್ದು ಅದನ್ನೇ. ಸೈನಿಕರು ಪ್ರಶಿಯಾದ ರಾಜನ ಪಾಲಾದರು, ಚೀನಾದ ಪಾತ್ರೆಗಳು ಡ್ರೆಸ್ಡೆನ್‌ಗೆ ಬಂದವು.

ಚೀನಾದವರಿಗೆ ಶತಮಾನಗಳಿಂದ ಗೊತ್ತಿದ್ದ ಗಟ್ಟಿ ಪಿಂಗಾಣಿಯ ಗುಟ್ಟು ಯುರೋಪಿಗೆ ಒಲಿದದ್ದು 1708ರ ಸುಮಾರಿಗೆ. ಚಿನ್ನ ಮಾಡುತ್ತೇನೆಂದು ಜಂಬ ಕೊಚ್ಚಿ ಆಗಸ್ಟಸನ ಕಾವಲಿಗೆ ಸಿಕ್ಕಿಬಿದ್ದಿದ್ದ ಬ್ಯೋಟ್ಗರ್, ಚಿರ್ನ್‌ಹೌಸ್ ಎಂಬ ವಿದ್ವಾಂಸನ ಜೊತೆ ಸೇರಿ ಅದನ್ನು ಸಾಧಿಸಿದ. 1710ರಲ್ಲಿ ಮೈಸೆನ್ ಊರಿನಲ್ಲಿ ಕಾರ್ಖಾನೆ ಶುರುವಾಯಿತು.

ದೊರೆಯ ಆಸೆ ಅಲ್ಲಿಗೆ ನಿಲ್ಲಲಿಲ್ಲ. ತನ್ನ ‘ಜಪಾನಿ ಅರಮನೆ’ಯ ತುಂಬ ಪಿಂಗಾಣಿಯ ಪ್ರಾಣಿ ಪಕ್ಷಿಗಳು ಬೇಕು, ಅದೂ ಆದಷ್ಟು ನಿಜ ಗಾತ್ರದಲ್ಲಿ! ಮೊದಲು ಈ ಕೆಲಸಕ್ಕೆ ಕೈಹಾಕಿದ ಶಿಲ್ಪಿ ಕಿರ್ಚ್‌ನರ್ ಒಂದು ಖಡ್ಗಮೃಗ ಮಾಡಿದ. ನೋಡಿ ಮಾಡಿದ್ದಲ್ಲ, 1515ರಲ್ಲಿ ಡ್ಯೂರರ್ ಕೆತ್ತಿದ ಚಿತ್ರ ನೋಡಿ ಮಾಡಿದ್ದು. ಆ ಚಿತ್ರದ ಮೂಲ, ಗುಜರಾತಿನ ಸುಲ್ತಾನ ಪೋರ್ಚುಗೀಸರಿಗೆ ಕೊಟ್ಟು, ಗೋವಾದಿಂದ ಹಡಗಿನಲ್ಲಿ ಲಿಸ್ಬನ್‌ಗೆ ಹೋದ ನಮ್ಮ ದೇಶದ ಖಡ್ಗಮೃಗ. ಡ್ಯೂರರ್ ಕೂಡ ಅದನ್ನು ಕಣ್ಣಾರೆ ಕಂಡವನಲ್ಲ. ಅವನು ಅದರ ಹೆಗಲ ಮೇಲೆ ಇಲ್ಲದ ಕೊಂಬೊಂದನ್ನು ಸೇರಿಸಿದ್ದ. ಇನ್ನೂರು ವರ್ಷ ಕಳೆದ ಮೇಲೂ ಆ ಕೊಂಬು ಪಿಂಗಾಣಿಯಲ್ಲಿ ಮರುಹುಟ್ಟು ಪಡೆಯಿತು!

1731ರಲ್ಲಿ ಬಂದ ಕೆಂಡ್ಲರ್ ಬೇರೆ ದಾರಿ ಹಿಡಿದ. ಮೊರಿಟ್ಸ್‌ಬುರ್ಗ್‌ನಲ್ಲಿ ದೊರೆ ಸಾಕಿದ್ದ ಪ್ರಾಣಿ ಪಕ್ಷಿಗಳನ್ನು ಕೂತು ನೋಡಿದ. ಹಾಗಾಗಿಯೇ ಅವನ ಹಕ್ಕಿಗಳು ಸುಮ್ಮನೆ ನಿಲ್ಲುವುದಿಲ್ಲ. ಕತ್ತು ಹೊರಳಿಸುತ್ತವೆ, ಗರಿ ಕೆದರುತ್ತವೆ, ಕೊಕ್ಕು ತೆರೆಯುತ್ತವೆ.

ಆದರೆ ಮಣ್ಣಿಗೆ ದೊರೆಯ ಆಜ್ಞೆ ಗೊತ್ತೇ? ಪಿಂಗಾಣಿ ಬೇಯಲು ಸುಮಾರು 1400 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಬೇಯುವಾಗ ಅದು ಕುಗ್ಗುತ್ತದೆ, ಮೆತ್ತಗಾಗಿ ಬಾಗುತ್ತದೆ. ಹಕ್ಕಿಯ ಕಾಲ ಬಳಿಯ ಮರದ ಬೊಡ್ಡೆ ಬರೀ ಅಂದಕ್ಕಲ್ಲ, ಅದು ಮೈಭಾರ ಹೊರುವ ಆಸರೆ. ಇಷ್ಟಾದರೂ ದೊಡ್ಡ ಬೊಂಬೆಗಳು ಬಿರುಕು ಬಿಟ್ಟವು. ಬಣ್ಣ ಹಚ್ಚಿ ಮತ್ತೊಮ್ಮೆ ಸುಟ್ಟರೆ ಒಡೆದೇ ಹೋಗುವ ಭಯ. ಅದಕ್ಕೆ ಸುಡದೆ ಹಾಗೇ ಎಣ್ಣೆಬಣ್ಣ ಬಳಿದರು, ಕಾಲಕ್ರಮದಲ್ಲಿ ಅದೂ ಹೋಯಿತು. ಇಂದು ಆ ದೊಡ್ಡ ಹಕ್ಕಿಗಳಲ್ಲಿ ಬಹಳಷ್ಟು ಅಚ್ಚ ಬಿಳಿ.

1733ರಲ್ಲಿ ಆಗಸ್ಟಸ್ ತೀರಿಕೊಂಡ. ಅರಮನೆ ಅವನು ಕನಸಿದಂತೆ ತುಂಬಲೇ ಇಲ್ಲ. ಕೆಂಡ್ಲರ್ ಮಾತ್ರ 1775ರಲ್ಲಿ ಸಾಯುವವರೆಗೂ ಮೈಸೆನ್ನಿನಲ್ಲೇ ದುಡಿದ. ಉಳಿದ ಹಕ್ಕಿಗಳಲ್ಲಿ ಹಲವು ಡ್ರೆಸ್ಡೆನ್‌ನ ಜ್ವಿಂಗರ್ ಸಂಗ್ರಹಾಲಯದಲ್ಲಿವೆ.

ನನಗನ್ನಿಸುವುದು ಇಷ್ಟೇ. ಆ ಹಕ್ಕಿಗಳ ಮೈಮೇಲಿನ ಬಿರುಕು ಸೋಲಿನ ಗುರುತಲ್ಲ, ಆಗದ್ದನ್ನು ಮಾಡಹೊರಟವರ ಗುರುತು. ಖಡ್ಗಮೃಗದ ಹೆಗಲ ಕೊಂಬಿನ ಕಥೆ ಬೇರೆ. ಒಬ್ಬ ಕಾಣದೆ ಬರೆದದ್ದನ್ನು ಇನ್ನೊಬ್ಬ ಕಾಣದೆ ನಂಬಿದ್ದರ ಫಲ ಅದು. ಬಿರುಕನ್ನು ಯಾರು ಬೇಕಾದರೂ ನೋಡಿ ಹೇಳಬಹುದು. ಇಲ್ಲದ ಕೊಂಬನ್ನು ಕಂಡುಹಿಡಿಯಬೇಕಾದರೆ ನಿಜವಾದ ಪ್ರಾಣಿಯ ಮುಂದೆ ಒಮ್ಮೆ ಹೋಗಿ ನಿಲ್ಲಬೇಕು, ಅಲ್ಲವೇ?