ಸ್ಪಿಟಲ್‌ಫೀಲ್ಡ್ಸಿನ ನೇಕಾರರು

ಪರದೇಶದಿಂದ ನಿರಾಶ್ರಿತರು ಬಂದಿಳಿದರೆ ಊರಿನ ಕೆಲಸಗಾರನ ಅನ್ನಕ್ಕೆ ಸಂಚಕಾರ ಬರುವುದೆಂಬ ಭಯವು ಇಂದು ನಿನ್ನೆಯದಲ್ಲ. ಈ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವವರೂ, ಅದನ್ನೇ ವೇದವಾಕ್ಯವೆಂದು ನಂಬುವವರೂ ಆತುರಗಾರರೆಂದೇ ನಮಗೆ ತೋರುತ್ತದೆ. ಲಂಡನ್ ನಗರದ ಪೂರ್ವಭಾಗದ ಸ್ಪಿಟಲ್‌ಫೀಲ್ಡ್ಸ್ ಎಂಬ ಕೇರಿಯ ಚರಿತ್ರೆಯನ್ನು ನೋಡಿದರೆ ವಿಷಯವು ಎಷ್ಟು ತೊಡಕಾದುದೆಂಬುದು ತಿಳಿಯುವುದು.

1598ರಲ್ಲಿ ಫ್ರಾನ್ಸಿನ ದೊರೆ ನಾಲ್ಕನೆಯ ಹೆನ್ರಿಯು ತನ್ನ ಪ್ರಾಟೆಸ್ಟಂಟ್ ಪ್ರಜೆಗಳಿಗೆ ಅಭಯವಿತ್ತು ನಾಂಟ್ ಶಾಸನವನ್ನು ಹೊರಡಿಸಿದ್ದನು. ಅವನ ಮೊಮ್ಮಗ ಹದಿನಾಲ್ಕನೆಯ ಲೂಯಿಯು 1685ರಲ್ಲಿ ಅದನ್ನು ರದ್ದುಮಾಡಿದನು. ಹ್ಯೂಗನಾಟರೆಂದು ಹೆಸರಾದ ಈ ಜನರಿಗೆ ದೇಶವನ್ನು ಬಿಡುವುದಕ್ಕೂ ಅಪ್ಪಣೆಯಿರಲಿಲ್ಲ. ಕದ್ದು ಗಡಿ ದಾಟಿದರು. ಇಂಗ್ಲೆಂಡಿಗೆ ಬಂದವರು ಸುಮಾರು 50,000 ಮಂದಿಯೆಂದು ಚರಿತ್ರಕಾರರ ಅಂದಾಜು. ಅವರಲ್ಲಿ ರೇಷ್ಮೆ ನೇಯುವವರು ಅನೇಕರು ಸ್ಪಿಟಲ್‌ಫೀಲ್ಡ್ಸಿನಲ್ಲಿ ಮಗ್ಗ ಹೂಡಿದರು.

ಅಲ್ಲಿನ ನೇಕಾರರು ಮೊದಲೇ ಕಂಗೆಟ್ಟಿದ್ದರು. ಒಂದೇ ಸಲಕ್ಕೆ ಹಲವು ಪಟ್ಟಿಗಳನ್ನು ನೇಯುವ ಯಂತ್ರಮಗ್ಗಗಳನ್ನು 1675ರಲ್ಲಿಯೇ ಬೀದಿಗೆಳೆದು ಸುಟ್ಟಿದ್ದರು. 1563ರ ಕಾನೂನಿನಂತೆ, ಗುರುವಿನ ಕೈಕೆಳಗೆ 7 ವರ್ಷ ದುಡಿದವನಿಗಲ್ಲದೆ ಕಸುಬಿನ ಹಕ್ಕಿಲ್ಲ. ಅಷ್ಟು ಕಾಲ ಸವೆಸಿ ಆ ಹಕ್ಕನ್ನು ಗಳಿಸಿದವನಿಗೆ, ಹಡಗಿನಿಂದ ನಿನ್ನೆ ಇಳಿದವನು ಪಕ್ಕದ ಮನೆಯಲ್ಲಿ ಲಾಳಿ ಆಡಿಸುವುದನ್ನು ಕಂಡರೆ ಹೇಗಾಗಬೇಕು? ಮಗ್ಗದ ಸದ್ದಿನಲ್ಲಿ ಬೆಳೆದ ನಮ್ಮ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಹೊಸಬರು ಇದ್ದ ಕೆಲಸವನ್ನೇ ಹಂಚಿಕೊಳ್ಳಲಿಲ್ಲ. ಲಸ್ಟ್ರಿಂಗ್, ಅಲಮೋಡ್ ಎಂಬ ಹೊಳಪಿನ ರೇಷ್ಮೆಗಳು ಅದುವರೆಗೆ ಫ್ರಾನ್ಸಿನಿಂದಲೇ ಬರುತ್ತಿದ್ದುವು. ಈಗ ಅವು ಲಂಡನ್ನಿನಲ್ಲಿಯೇ ತಯಾರಾದುವು. 1692ರಲ್ಲಿ ಇದಕ್ಕಾಗಿ ರಾಜಸನ್ನದು ಪಡೆದ ಕಂಪೆನಿಯೊಂದೂ ಹುಟ್ಟಿತು. ಒಂದು ಮಗ್ಗ ಆಡಬೇಕಾದರೆ ಹುರಿ ಮಾಡುವವರು, ಬಣ್ಣ ಕಟ್ಟುವವರು, ಕಂಡಿಕೆ ಸುತ್ತುವ ಹೆಂಗಸರು ಮಕ್ಕಳು ಎಲ್ಲರೂ ಬೇಕು. ಇಂಗ್ಲಿಷ್ ಹುಡುಗರೂ ಈ ನೇಯ್ಗೆಯನ್ನು ಕಲಿತರು.

ಬಂದವರೆಲ್ಲರೂ ಹೀಗೆ ಕಸುಬನ್ನು ಕಟ್ಟಿಕೊಂಡು ಬರುವುದಿಲ್ಲವೆಂಬುದೂ ನಿಜ. 1709ರಲ್ಲಿ ಜರ್ಮನಿಯಿಂದ ಬಂದ ಸುಮಾರು 13,000 ಮಂದಿ ಬಡವರಲ್ಲಿ ಒಕ್ಕಲಿಗರೂ ದ್ರಾಕ್ಷಿತೋಟದವರೂ ಹೆಚ್ಚು. ಲಂಡನ್ನಿನಲ್ಲಿ ಅವರಿಗೆ ಉಳುವ ನೆಲವೆಲ್ಲಿ? ಬ್ಲ್ಯಾಕ್‌ಹೀತ್ ಬಯಲಿನ ಡೇರೆಗಳಲ್ಲಿ ದಿನ ಕಳೆದರು. ಕಡೆಗೆ ಸರ್ಕಾರವು ಸಾವಿರಾರು ಮಂದಿಯನ್ನು ಐರ್ಲೆಂಡಿಗೂ ನ್ಯೂಯಾರ್ಕಿಗೂ ಸಾಗಿಸಿತು.

ಸ್ಪಿಟಲ್‌ಫೀಲ್ಡ್ಸಿನ ಕಥೆಯಲ್ಲಿ ನಮ್ಮ ಮನಸ್ಸನ್ನು ಹಿಡಿಯುವುದು ಮುಂದಿನ ಭಾಗ. 1763ರಲ್ಲಿ ಸಪ್ತವಾರ್ಷಿಕ ಯುದ್ಧವು ಮುಗಿದ ಮೇಲೆ ಫ್ರೆಂಚ್ ರೇಷ್ಮೆಯ ಪೈಪೋಟಿ ಹೆಚ್ಚಿತು, ಕೆಲಸ ಕುಗ್ಗಿತು. ಪರದೇಶದ ರೇಷ್ಮೆಯನ್ನು ತಡೆಯುವ ಮಸೂದೆಯನ್ನು ಪ್ರಭುಗಳ ಸಭೆಯು 1765ರಲ್ಲಿ ತಳ್ಳಿಹಾಕಲು, ನೇಕಾರರು ಬೆಡ್‌ಫರ್ಡ್ ಡ್ಯೂಕನ ಮನೆಯನ್ನು ಮುತ್ತಿದರು. 1769ರಲ್ಲಿ ಅವರು ಕಡಮೆ ಕೂಲಿ ಕೊಡುವ ಯಜಮಾನರ ರೇಷ್ಮೆಯನ್ನು ಮಗ್ಗದ ಮೇಲೆಯೇ ಕತ್ತರಿಸಿ ಹಾಕಿದರು. ಡಿಸೆಂಬರಿನಲ್ಲಿ ಜಾನ್ ಡಾಯ್ಲ್, ಜಾನ್ ವ್ಯಾಲೀನ್ ಎಂಬ ಇಬ್ಬರನ್ನು ಬೆತ್ನಲ್ ಗ್ರೀನಿನಲ್ಲಿ, ನೇಕಾರರ ಕಣ್ಣೆದುರಿಗೇ, ಗಲ್ಲಿಗೇರಿಸಲಾಯಿತು. ಇವರ ಹೆಸರುಗಳನ್ನು ಗಮನಿಸಬೇಕು: ಡಾಯ್ಲ್ ಐರಿಷ್ ಹೆಸರು, ವ್ಯಾಲೀನ್ ಫ್ರೆಂಚ್ ಹೆಸರು. ನೇಕಾರರ ಕೋಪಕ್ಕೆ ಗುರಿಯಾದ ದೊಡ್ಡ ಯಜಮಾನ ಲೂಯಿ ಶೋವೆಯ ಹೆಸರೂ ಫ್ರೆಂಚಿನದೇ. ನಿರಾಶ್ರಿತರ ಸಂತತಿಯು ಎರಡು ಪಕ್ಷದಲ್ಲಿಯೂ ಸೇರಿಹೋಗಿತ್ತು. ಊರವನು ಪರದೇಶಿಯೆಂಬ ಜಗಳ ಹೋಗಿ ಯಜಮಾನ ಕೂಲಿಯವನೆಂಬ ಜಗಳ ನಿಂತಿತ್ತು.

1773ರ ಕಾನೂನು ಈ ಗಾಯಕ್ಕೆ ಮದ್ದು ಹುಡುಕಿತು. ಅದರಂತೆ ಮ್ಯಾಜಿಸ್ಟ್ರೇಟರು ನೇಯ್ಗೆಯ ಕೂಲಿಯನ್ನು ಗೊತ್ತುಮಾಡತೊಡಗಿದರು. ಅದಕ್ಕಿಂತ ಹೆಚ್ಚು ಕೊಡುವುದೂ ಕಡಮೆ ಕೊಡುವುದೂ ಅಪರಾಧವಾಯಿತು. ಹೀಗೆ ಕಟ್ಟಿಹಾಕಿದುದರಿಂದ ಕೆಲಸವು ಲಂಡನ್ ಬಿಟ್ಟು ಬೇರೆ ಊರುಗಳಿಗೆ ಸರಿಯಿತೆಂಬ ಆಕ್ಷೇಪಣೆಯಲ್ಲಿಯೂ ಹುರುಳಿದೆ. ಅರ್ಥಶಾಸ್ತ್ರಜ್ಞನಾದ ರಿಕಾರ್ಡೊ 1823ರಲ್ಲಿ ಪಾರ್ಲಿಮೆಂಟಿನಲ್ಲಿ ಈ ಕಾನೂನಿನ ವಿರುದ್ಧವಾಗಿ ವಾದಿಸಿದನು. ನೇಕಾರರು ಸಾವಿರಾರು ಸಹಿಗಳ ಅರ್ಜಿ ಸಲ್ಲಿಸಿ ಅದನ್ನು ಉಳಿಸಬೇಕೆಂದು ಬೇಡಿದರು. 1824ರಲ್ಲಿ ಕಾನೂನು ರದ್ದಾಯಿತು. 1826ರಲ್ಲಿ ಸುಂಕ ತೆತ್ತು ಬರುವ ಫ್ರೆಂಚ್ ರೇಷ್ಮೆಗೆ ಬಾಗಿಲು ತೆರೆಯಿತು. ಕೂಲಿಯು ಇಳಿಯುತ್ತ ಹೋಯಿತು. ಹ್ಯೂಗನಾಟರ ಮರಿಮಕ್ಕಳೂ ಇಂಗ್ಲಿಷರ ಮಕ್ಕಳೂ ಒಂದೇ ಕೇರಿಯಲ್ಲಿ ಕೆಲಸಕ್ಕಾಗಿ ಕಾದು ಕುಳಿತರು.